ವಿಲ್ಫ್ರೆಡ್ ರೋಡ್ಸ್: ನಾಯಕನಾಗದ ನಾಯಕ

ಕ್ರಿಕೆಟ್ ಆಟಗಾರರೆಂದರೆ ಇಂದು ನಮ್ಮ ಕಣ್ಣಮುಂದೆ ಬರುವುದು ಜಾಹೀರಾತು, ಹರಾಜು ಮತ್ತು ಕೋಟಿಗಟ್ಟಲೆ ಹಣ. ಆದರೆ ಇದೇ ಆಟವನ್ನು ಕೂಲಿಯಂತೆ ದುಡಿದು ಆಡಿದವರ ಇತಿಹಾಸವೂ ಒಂದಿದೆ. ಅದನ್ನು ತಿಳಿಯಲು ನಾವು ಇಂಗ್ಲೆಂಡಿನ ಕೌಂಟಿ ಮೈದಾನಗಳಿಗೆ ಹೋಗಬೇಕು.

ವಿಲ್ಫ್ರೆಡ್ ರೋಡ್ಸ್ ಹುಟ್ಟಿದ್ದು 1877ರಲ್ಲಿ, ಯಾರ್ಕ್‌ಶೈರ್‌ನ ಕರ್ಕ್‌ಹೀಟನ್ ಎಂಬ ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ರೈಲ್ವೆ ಇಂಜಿನ್ ಶೆಡ್ಡಿನಲ್ಲಿ ಕೆಲಸ. ಅಲ್ಲಿಂದ ಹೊರಬಿದ್ದು ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡಿದರು. 1897ರಲ್ಲಿ ಯಾರ್ಕ್‌ಶೈರ್‌ನ ಎಡಗೈ ಸ್ಪಿನ್ನರ್ ಬಾಬಿ ಪೀಲ್ ಕುಡಿದು ಮೈದಾನಕ್ಕಿಳಿದ ಕಾರಣಕ್ಕೆ ನಾಯಕ ಲಾರ್ಡ್ ಹಾಕ್ ಅವರನ್ನು ತಂಡದಿಂದ ಹೊರಹಾಕಿದರು. ಆ ಖಾಲಿ ಜಾಗಕ್ಕೆ ಮರುವರ್ಷ ಬಂದವರೇ ರೋಡ್ಸ್. ಮೊದಲ ಋತುವಿನಲ್ಲೇ 154 ವಿಕೆಟ್ ಪಡೆದರು. 1900ರಲ್ಲಿ ಪಡೆದದ್ದು 261.

ಆಗ ಇಂಗ್ಲೆಂಡಿನ ಆಟಗಾರರಲ್ಲಿ ಎರಡು ವರ್ಗಗಳಿದ್ದವು. ಸಂಬಳವಿಲ್ಲದೆ ಆಡುವ ಸಿರಿವಂತ 'ಅಮೆಚೂರ್'ಗಳು ಮತ್ತು ಸಂಬಳಕ್ಕೆ ಆಡುವ 'ಪ್ರೊಫೆಶನಲ್'ಗಳು. ಒಂದೇ ತಂಡದವರಾದರೂ ಬಟ್ಟೆ ಬದಲಿಸುವ ಕೋಣೆ ಬೇರೆ, ಅನೇಕ ಕಡೆ ಮೈದಾನಕ್ಕಿಳಿಯುವ ಬಾಗಿಲೂ ಬೇರೆ. ನಾಯಕತ್ವ ಅಮೆಚೂರ್‌ಗಳಿಗೆ ಮೀಸಲು. ಜಾತಿಯ ಪಂಕ್ತಿಭೇದವನ್ನು ಕಂಡಿರುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ.

ಈ ವ್ಯವಸ್ಥೆಯೊಳಗೇ ರೋಡ್ಸ್ 1930ರವರೆಗೆ ದುಡಿದರು. ಮೊದಲ ದರ್ಜೆಯ 1110 ಪಂದ್ಯಗಳು, 4200ಕ್ಕೂ ಹೆಚ್ಚು ವಿಕೆಟ್‌ಗಳು, 40 ಸಾವಿರದ ಹತ್ತಿರ ರನ್‌ಗಳು. ಪಂದ್ಯ ಮತ್ತು ವಿಕೆಟ್‌ಗಳ ಈ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಒಂದೇ ಋತುವಿನಲ್ಲಿ ಸಾವಿರ ರನ್ ಮತ್ತು ನೂರು ವಿಕೆಟ್ ಎರಡನ್ನೂ ಅವರು 16 ಸಲ ಸಾಧಿಸಿದರು. 1903ರಲ್ಲಿ ಸಿಡ್ನಿಯಲ್ಲಿ ಕೊನೆಯವರಾಗಿ ಬ್ಯಾಟಿಂಗಿಗೆ ಇಳಿದು ಫಾಸ್ಟರ್ ಜೊತೆ 130 ರನ್ ಸೇರಿಸಿದ್ದರು. ಅದೇ ರೋಡ್ಸ್ 1912ರಲ್ಲಿ ಮೆಲ್ಬೋರ್ನಿನಲ್ಲಿ ಆರಂಭಿಕ ಆಟಗಾರರಾಗಿ ಜಾಕ್ ಹಾಬ್ಸ್ ಜೊತೆ 323 ರನ್ ಪೇರಿಸಿದರು.

ಮಹಾಯುದ್ಧ ಯಾರ್ಕ್‌ಶೈರ್ ತಂಡವನ್ನೂ ಬಿಡಲಿಲ್ಲ. ಬೌಲರ್ ಮೇಜರ್ ಬೂತ್ 1916ರಲ್ಲಿ ಸೋಮ್ ರಣರಂಗದಲ್ಲಿ ಮಡಿದರು. 1919ರಲ್ಲಿ ಆಟ ಮತ್ತೆ ಆರಂಭವಾದಾಗ ಬೌಲರ್‌ಗಳ ಕೊರತೆಯಿತ್ತು. ಬ್ಯಾಟ್ಸ್‌ಮನ್ ಆಗಿಬಿಟ್ಟಿದ್ದ ರೋಡ್ಸ್ ನಲವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಚೆಂಡು ಕೈಗೆತ್ತಿಕೊಂಡು ನೂರಾರು ವಿಕೆಟ್ ಕಿತ್ತರು. ಚಳಿಗಾಲದಲ್ಲಿ ಭಾರತಕ್ಕೂ ಬಂದು ಪಟಿಯಾಲಾ ಮಹಾರಾಜರ ತಂಡಕ್ಕೆ ಆಡಿದರು.

1926ರ ಓವಲ್ ಟೆಸ್ಟ್ ಅವರ ಬದುಕಿನ ಸಾರವನ್ನೇ ಹೇಳುತ್ತದೆ. ಆಸ್ಟ್ರೇಲಿಯಾವನ್ನು ಸೋಲಿಸಲು 48ರ ರೋಡ್ಸ್‌ಗೆ ಕರೆ ಹೋಯಿತು. ಎರಡನೇ ಇನ್ನಿಂಗ್ಸಿನಲ್ಲಿ 44 ರನ್ನಿಗೆ 4 ವಿಕೆಟ್ ಪಡೆದರು. ಇಂಗ್ಲೆಂಡ್ ಆಶಸ್ ಮರಳಿ ಪಡೆಯಿತು. ಆದರೆ ನಾಯಕ ಯಾರು? 25ರ ಅಮೆಚೂರ್ ಪರ್ಸಿ ಚಾಪ್ಮನ್. ರೋಡ್ಸ್ ತಮ್ಮ ಮೊದಲ ಟೆಸ್ಟ್ ಆಡಿದ 1899ರಲ್ಲಿ ಚಾಪ್ಮನ್ ಇನ್ನೂ ಹುಟ್ಟಿಯೇ ಇರಲಿಲ್ಲ!

ಯಾರ್ಕ್‌ಶೈರ್‌ನಲ್ಲೂ ಕಥೆ ಬೇರೆಯಲ್ಲ. ಅಮೆಚೂರ್ ನಾಯಕರು ಬದಲಾಗುತ್ತಿದ್ದರು. ಯಾರಿಗೆ ಬೌಲಿಂಗ್, ಎಲ್ಲಿ ಫೀಲ್ಡರ್ ಎಂಬುದಕ್ಕೆ ರೋಡ್ಸ್ ಮಾತೇ ನಡೆಯುತ್ತಿತ್ತು. ಹೆಸರು ಒಬ್ಬರದು, ಬುದ್ಧಿ ಇನ್ನೊಬ್ಬರದು. 1927ರಲ್ಲಿ ಸಮಿತಿ ಪ್ರೊಫೆಶನಲ್ ಒಬ್ಬರನ್ನು ನಾಯಕನನ್ನಾಗಿಸಲು ಮುಂದಾದಾಗಲೂ ಆರಿಸಿದ್ದು ಹಿರಿಯರಾದ ರೋಡ್ಸ್‌ರನ್ನಲ್ಲ, ಹರ್ಬರ್ಟ್ ಸಟ್‌ಕ್ಲಿಫ್‌ರನ್ನು. ವಿವಾದವೆದ್ದು ಸಟ್‌ಕ್ಲಿಫ್ ಕೂಡ ನಿರಾಕರಿಸಿದರು. ಹುದ್ದೆ ಮತ್ತೆ ಅಮೆಚೂರ್ ಪಾಲಾಯಿತು.

1930ರ ಏಪ್ರಿಲ್‌ನಲ್ಲಿ ಜಮೈಕಾದಲ್ಲಿ ಕೊನೆಯ ಟೆಸ್ಟ್ ಆಡಿದಾಗ ರೋಡ್ಸ್‌ಗೆ 52 ವರ್ಷ. ಅಷ್ಟು ವಯಸ್ಸಿನಲ್ಲಿ ಟೆಸ್ಟ್ ಆಡಿದವರು ಇನ್ನೊಬ್ಬರಿಲ್ಲ. ಮುಂದೆ ದೃಷ್ಟಿ ಹೋಯಿತು. ಆದರೂ ಅವರು ಮೈದಾನಕ್ಕೆ ಹೋಗುತ್ತಿದ್ದರು. ಬ್ಯಾಟಿಗೆ ಚೆಂಡು ತಗಲುವ ಸದ್ದಿನಿಂದಲೇ ಆಟವನ್ನು ಅರಿಯುತ್ತಿದ್ದರು. 1949ರಲ್ಲಿ ಎಂಸಿಸಿ ಅವರೂ ಸೇರಿದಂತೆ 26 ನಿವೃತ್ತ ಪ್ರೊಫೆಶನಲ್‌ಗಳಿಗೆ ಗೌರವ ಸದಸ್ಯತ್ವ ನೀಡಿತು. 1952ರಲ್ಲಿ ಯಾರ್ಕ್‌ಶೈರ್‌ನವರೇ ಆದ ಪ್ರೊಫೆಶನಲ್ ಲೆನ್ ಹಟನ್ ಇಂಗ್ಲೆಂಡ್ ನಾಯಕರಾದರು. 1962ರಲ್ಲಿ ಈ ವರ್ಗಭೇದವೇ ರದ್ದಾಯಿತು. ರೋಡ್ಸ್ 1973ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು.

ತಾರತಮ್ಯ ಎಂದೂ ಪ್ರತಿಭೆಯನ್ನು ಬಳಸಿಕೊಳ್ಳದೆ ಬಿಡುವುದಿಲ್ಲ. ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಮಾತ್ರ ಕೊಡುವುದಿಲ್ಲ. ದುಡಿಯುವ ಕೈಗಳು ಬೇಕು, ನಿರ್ಧರಿಸುವ ತಲೆ ಮಾತ್ರ ಬೇಡ ಎನ್ನುವ ಜಾಗಗಳು ನಮ್ಮ ಸುತ್ತಲೂ ಎಷ್ಟಿವೆ? ರೋಡ್ಸ್ ಬದುಕನ್ನು ಓದುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.