ತುಂಡುಬಟ್ಟೆಯ ಸಂಚಿ

ಶಿಲಾಶಾಸನವು ದಾನವಿತ್ತ ಅರಸನ ಹೆಸರನ್ನು ಕಾಯ್ದಿರಿಸಿತು. ಬಟ್ಟೆಯ ಚೂರುಗಳನ್ನು ಕೂಡಿಸಿ ಸಂಚಿಯನ್ನು ಹೊಲಿದ ಗೃಹಿಣಿಯ ಹೆಸರನ್ನು ಯಾರೂ ಕಲ್ಲಿನಲ್ಲಿ ಕಂಡರಿಸಲಿಲ್ಲ. ಆದರೂ ಕನ್ನಡ ನಾಡಿನ ಮನೆವಾರ್ತೆಯ ಚರಿತ್ರೆಯಲ್ಲಿ ಸಂಚಿಯ ಸ್ಥಾನವು ಅಲ್ಪವಾದುದಲ್ಲ.

ನೂಲುವುದೂ ನೆಯ್ಯುವುದೂ ಕೈಯ ದುಡಿಮೆಯಾಗಿದ್ದ ಕಾಲದಲ್ಲಿ ಅಂಗೈಯಗಲದ ತುಂಡನ್ನೂ ಬಿಸುಡುವುದು ಸಲ್ಲದಾಗಿದ್ದಿತು. ದೊಡ್ಡ ತುಂಡುಗಳು ಕೌದಿಗೆ ಸೇರಿದುವು. ಕುಪ್ಪಸದ ಖಣದಲ್ಲಿ ಮಿಕ್ಕ ಚೂರುಗಳು ಸಂಚಿಗೆ ಒದಗಿದುವು. ಹೊರಮೈಗೆ ಗಟ್ಟಿಯಾದ ಬಟ್ಟೆ. ಒಳಮೈಗೆ ಒಗೆದೊಗೆದು ಮೆತ್ತಗಾದ ಹಳೆಯ ಸೀರೆಯ ತುಂಡು. ನಡುವೆ ಎಲೆ, ಅಡಕೆ, ಲವಂಗ, ಕಾಸುಗಳಿಗೆ ಬೇರೆಬೇರೆ ಅರೆಗಳು. ಬಾಯಿಗೆ, ಎಳೆದರೆ ಮುಚ್ಚಿಕೊಳ್ಳುವ ದಾರ. ಸುಣ್ಣಕ್ಕೆ ಮಾತ್ರ ಲೋಹದ ಪುಟ್ಟ ಕರಡಿಗೆ.

ಎಲೆಯಡಕೆಯ ಸಂಚಿಯನ್ನು ಹಿಡಿಯುವುದು ಅರಮನೆಯಲ್ಲಿ ಒಂದು ಊಳಿಗವೇ ಆಗಿದ್ದಿತು. 1673ರಿಂದ 1704ರ ವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಸಿಯ ಬಳಿ ಆ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು; ಹೆಣ್ಣನ್ನು ಹೀಗಳೆಯುವವರಿಗೆ ಅದರಲ್ಲಿ ತಕ್ಕ ಉತ್ತರವನ್ನಿತ್ತಳು. ಲೋಕವು ಆಕೆಯನ್ನು ‘ಸಂಚಿಯ ಹೊನ್ನಮ್ಮ’ನೆಂದೇ ಕರೆಯಿತು. ಆಕೆಯ ಕೈಯ ಸಂಚಿಯು ಪಟ್ಟೆಯದಾಗಿದ್ದಿರಬಹುದು. ಹಳ್ಳಿಯ ಸಂಚಿಯು ಚೂರುಗಳದು. ಎರಡಕ್ಕೂ ಹೆಸರು ಒಂದೇ.

1854ರಲ್ಲಿ ಮುಂಬಯಿಯ ಮೊದಲ ಹತ್ತಿಯ ಗಿರಣಿಯು ಸ್ಥಾಪಿತವಾಯಿತು. ಗಿರಣಿಗಳು ಹೆಚ್ಚಿ ಬಟ್ಟೆಯು ಅಗ್ಗವಾದಂತೆ ಚೂರಿನ ಬೆಲೆಯು ಇಳಿಯಿತು. ತಗಡಿನ ಡಬ್ಬಿಯೂ ಅನಂತರ ಪ್ಲಾಸ್ಟಿಕ್ ಚೀಲವೂ ಸಂಚಿಯ ಎಡೆಯನ್ನಾಕ್ರಮಿಸಿದುವು. ಚೂರನ್ನು ಚೂರಿಗೆ ಹೊಂದಿಸಿ ಬಾಳಿಸುವ ಜಾಣ್ಮೆಯು ತಾಯಿಯಿಂದ ಮಗಳಿಗೆ ಇಳಿಯುವುದು ವಿರಳವಾಯಿತು. ಸಂಚಿಯನ್ನು ಹೊಲಿದವರ ಹೆಸರುಗಳು ಅಳಿದುವು; ಅದನ್ನು ಹಿಡಿದವಳ ಹೆಸರಿನಲ್ಲಿ ಸಂಚಿಯು ಉಳಿಯಿತು.