ಲೇಪಾಕ್ಷಿಯ ಛಾವಣಿಯಲ್ಲಿ ಸೀರೆಗಳು

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿಲೋಮೀಟರ್. ನಮ್ಮಲ್ಲಿ ಬಹುಮಂದಿ ಅಲ್ಲಿನ ತೂಗುಕಂಬದ ಕೆಳಗೆ ಟವಲು ತೂರಿಸಿ, ಅಚ್ಚರಿಪಟ್ಟು ಬಂದವರೇ. ಇನ್ನೊಮ್ಮೆ ಹೋದಾಗ ಆ ಟವಲನ್ನು ಹೆಗಲಿಗೆ ಹಾಕಿಕೊಂಡು ತಲೆಯೆತ್ತಿ ನೋಡಿ. ಬಟ್ಟೆಯ ಚರಿತ್ರೆ ಮೇಲಿದೆ.

ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529–1542) ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಈ ವೀರಭದ್ರನ ಗುಡಿಯನ್ನು ಕಟ್ಟಿಸಿದರು. ಛಾವಣಿಯ ಚಿತ್ರಗಳಲ್ಲಿ ಶಿವಪಾರ್ವತಿಯರ ಮದುವೆ, ಕಿರಾತಾರ್ಜುನರ ಕಾಳಗ ಎಲ್ಲವೂ ಉಂಟು. ನನ್ನ ಕಣ್ಣು ಮಾತ್ರ ಹೆಂಗಸರ ಸೀರೆಗಳ ಮೇಲೆ ನಿಲ್ಲುತ್ತದೆ, ತಪ್ಪು ತಿಳಿಯಬೇಡಿ. ಒಬ್ಬಳದು ಪಟ್ಟೆ, ಒಬ್ಬಳದು ಚೌಕಳಿ, ಮತ್ತೊಬ್ಬಳದು ಹೂವಿನದು. ಪರಿವಾರದ ಗಂಡಸರ ತಲೆಯ ಮೇಲೆ ಎತ್ತರದ ಕುಳ್ಳಾಯಿ. ಸೀರೆ, ಧೋತ್ರಗಳಿಗೆ ಸೂಜಿ ಬೇಡ. ಕುಳ್ಳಾಯಿ, ಕಬಾಯಿಗಳಿಗೆ ಕತ್ತರಿಯೂ ಬೇಕು, ಹೊಲಿಗೆಯವನೂ ಬೇಕು. ಈ ಎರಡು ಉಡುಪುಗಳ ಹೆಸರು ಪರ್ಷಿಯಾ, ಅರಬ್ ದೇಶಗಳಿಂದ ವಿಜಯನಗರದ ಆಸ್ಥಾನಕ್ಕೆ ಬಂದವು.

ಬಟ್ಟೆಯ ಮೇಲೆ ಚಿತ್ರ ಬರೆಯುವ ಹಳೆಯ ವಿದ್ಯೆ ಇಂದಿಗೂ ಶ್ರೀಕಾಳಹಸ್ತಿಯ ಕಲಂಕಾರಿಯವರಲ್ಲಿದೆ. ಅಳಲೆಕಾಯಿ, ಅಂದರೆ ನಮ್ಮ ತೆಲುಗಿನ ಕರಕ್ಕಾಯ, ಅದರ ರಸಕ್ಕೆ ಎಮ್ಮೆ ಹಾಲು ಬೆರೆಸಿ ಬಟ್ಟೆಯನ್ನು ನೆನೆಸಿ ಒಣಗಿಸುತ್ತಾರೆ. ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಗುರುತು ಹಾಕುತ್ತಾರೆ. ತುಕ್ಕುಕಬ್ಬಿಣ, ಬೆಲ್ಲ ಕೊಳೆಸಿದ ನೀರನ್ನು ಬಿದಿರಿನ ಲೇಖನಿಯಿಂದ ಎಳೆದೊಡನೆ ಗೆರೆ ಕಪ್ಪಾಗುತ್ತದೆ. ಕೆಂಪಿನ ಲೆಕ್ಕ ಬೇರೆ. ಪಟಿಕದ ನೀರಿನಿಂದ ಬಳಿದ ಜಾಗ ಎದ್ದು ಕಾಣುವುದಿಲ್ಲ. ಬಣ್ಣದ ಬೇರು ಹಾಕಿ ಕುದಿಸಿದಾಗ ಅಲ್ಲಿ ಮಾತ್ರ ಕೆಂಪು ಹಿಡಿಯುತ್ತದೆ. ಲೇಪಾಕ್ಷಿಯ ಚಿತ್ರಗಳಲ್ಲೂ ಅದೇ ಕಪ್ಪು ಗೆರೆ, ಒಳಗೆ ತುಂಬಿದ ಬಣ್ಣ.

ಗುಡಿಯ ಶಾಸನಗಳಲ್ಲಿ ಕನ್ನಡದವು ಬಹಳ. ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿ ನಿಂತಿದೆ. ಆ ಸೀರೆಗಳನ್ನು ನೇಯ್ದವರ, ಬಣ್ಣಕ್ಕೆ ಅದ್ದಿದವರ ಹೆಸರು ಉಳಿಯಲಿಲ್ಲ. ಹೇಗೆ ಉಳಿಯದೆ ಹೋಗುತ್ತದೆಂದು ನನಗೆ ಗೊತ್ತು.

1980ರ ದಶಕದಲ್ಲಿ ನಾನು ಕಲ್ಯಾಣದುರ್ಗದಲ್ಲಿ ಬ್ಯಾಂಕ್ ಗುಮಾಸ್ತ. ಕಂಬಳಿ ನೇಯುವ ಹಿರಿಯರೊಬ್ಬರು ಸಾಲದ ಅರ್ಜಿ ಕೊಟ್ಟರು. ಅವಸರದಲ್ಲಿ ಕಸುಬಿನ ಕಾಲಂನಲ್ಲಿ ‘ಕೂಲಿ’ ಎಂದು ಬರೆದೆ. ಹಣ ಪಡೆಯಲು ಬಂದ ದಿನ ಓದಿ ಹೇಳಿದಾಗ ಅವರು ಹೆಗಲ ಮೇಲಿನ ಕಂಬಳಿಯನ್ನು ನನ್ನ ಮೇಜಿನ ಮೇಲೆ ಹರಡಿದರು. “ಹುಣಸೆಬೀಜದ ಗಂಜಿ ನಾನೇ ಕಾಯಿಸಿದ್ದು, ಅಂಚು ನಾನೇ ಹೊಲಿದದ್ದು. ಇದರಲ್ಲಿ ಕೂಲಿ ಯಾರು, ಸ್ವಾಮಿ?” ಎಂದರು. ಅದನ್ನು ಹೊಡೆದುಹಾಕಿ ‘ನೇಕಾರ’ ಎಂದು ಬರೆದು, ಪಕ್ಕದಲ್ಲಿ ಸಣ್ಣ ರುಜು ಹಾಕಿದೆ. ನಕಲು ಪ್ರತಿ ಆಗಲೇ ಮೇಲಿನ ಕಚೇರಿಗೆ ಹೋಗಿಯಾಗಿತ್ತು.