ಮನೆಯೊಳಗಿನ ಹಾಡು: ಸುಮನ್ ಕಲ್ಯಾಣಪುರ ಮತ್ತು ಒಂದು ಕಟ್ಟುಪಾಡಿನ ಚರಿತ್ರೆ

ಹಿಂದಿ ಚಿತ್ರಗೀತೆ ಮತ್ತು ಮರಾಠಿ ಭಾವಗೀತೆಗಳ ಗಾಯಕಿ ಸುಮನ್ ಕಲ್ಯಾಣಪುರ 1937ರ ಜನವರಿ 28ರಂದು ಅವಿಭಜಿತ ಬಂಗಾಳದಲ್ಲಿ ಹುಟ್ಟಿದರು. ತವರಿನ ಹೆಸರು ಸುಮನ್ ಹೆಮ್ಮಾಡಿ. ತಂದೆ ಶಂಕರರಾವ್ ಹೆಮ್ಮಾಡಿ ಮಂಗಳೂರು ಕಡೆಯ ಸಾರಸ್ವತ ಮನೆತನದವರು. ಹೆಮ್ಮಾಡಿ ಇಂದಿನ ಉಡುಪಿ ಜಿಲ್ಲೆಯ ಕುಂದಾಪುರದ ಪಕ್ಕದಲ್ಲಿರುವ ಊರು. ಶಂಕರರಾಯರು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ನೌಕರಿಯಲ್ಲಿ ಬಹುಕಾಲ ಢಾಕಾದಲ್ಲಿದ್ದರು. ತಾಯಿ ಸೀತಾ. ಐವರು ಹೆಣ್ಣುಮಕ್ಕಳು, ಒಬ್ಬ ಗಂಡುಮಗ ಇದ್ದ ಮನೆಯಲ್ಲಿ ಸುಮನ್ ಹಿರಿಯ ಮಗಳು. 1943ರಲ್ಲಿ, ಬಂಗಾಳದ ಮಹಾಕ್ಷಾಮದ ವರ್ಷದಲ್ಲಿ, ಕುಟುಂಬ ಢಾಕಾ ಬಿಟ್ಟು ಮುಂಬಯಿಗೆ ಬಂತು. ಸುಮನ್‌ಗೆ ಆಗ ಆರು ವರ್ಷ.

ಕರಾವಳಿಯ ಸಾರಸ್ವತರಿಗೆ ಮುಂಬಯಿ ಹೊಸ ಊರಾಗಿರಲಿಲ್ಲ. ಉತ್ತರ ಕನ್ನಡ 1862ರಿಂದಲೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದರೂ ಅಲ್ಲಿನ ಓದಿದ ಹುಡುಗರು ಕೆಲಸ ಅರಸಿ ಹಡಗು ಹತ್ತುತ್ತಿದ್ದದ್ದು ಹೆಚ್ಚಾಗಿ ಮುಂಬಯಿಗೆ. ಮನೆಯಲ್ಲಿ ಕೊಂಕಣಿ, ಊರಿನ ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಬಳಸುತ್ತಿದ್ದ ಈ ಜನ ಗುಮಾಸ್ತಿಕೆ, ವಕೀಲಿಕೆ, ಬ್ಯಾಂಕಿನ ಕೆಲಸಗಳಲ್ಲಿ ನೆಲೆ ಕಂಡುಕೊಂಡರು. ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಹುಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ತಲೆಯೆತ್ತಿತು. ದೇಶದ ಸಹಕಾರಿ ವಸತಿಯ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರು ಮಾಡುತ್ತಾರೆ. ಊರು ಬಿಟ್ಟು ಬಂದವರು ಊರಿನ ಹೆಸರನ್ನು ಬಿಡಲಿಲ್ಲ. ಹೆಮ್ಮಾಡಿ, ಕಲ್ಯಾಣಪುರ, ಕಾರ್ನಾಡ, ಬೆನಗಲ್, ಪಡುಕೋಣೆ, ಮುಂಡ್ಕೂರು ಎಂಬ ಅಡ್ಡಹೆಸರುಗಳನ್ನು ಸಾಲಾಗಿ ಇಟ್ಟರೆ ಕರಾವಳಿಯ ಭೂಪಟ ಬಹುಮಟ್ಟಿಗೆ ಸಿದ್ಧವಾಗುತ್ತದೆ.

ಊರಿನ ಹೆಸರಿನ ಜೊತೆ ಮನೆಯ ಕಟ್ಟುಪಾಡುಗಳೂ ಬಂದವು. ಅವುಗಳಲ್ಲಿ ಒಂದು ಹಾಡಿಗೆ ಸಂಬಂಧಿಸಿದ್ದು. ಹೆಣ್ಣುಮಕ್ಕಳಿಗೆ ಭಜನೆ, ಹಾರ್ಮೋನಿಯಂ, ಸ್ವಲ್ಪ ರಾಗಜ್ಞಾನ ಇರಬೇಕು. ವಧು ನೋಡಲು ಬಂದವರ ಮುಂದೆ ಒಂದು ಹಾಡು ಹೇಳುವಷ್ಟಾದರೂ ಬರಬೇಕು. ಆದರೆ ಹಾಡು ಹೊಸ್ತಿಲು ದಾಟಬಾರದು. ಟಿಕೆಟ್ ಕೊಟ್ಟು ಬಂದ ಸಭಿಕರ ಮುಂದೆ ಕೂತು ಹಾಡುವುದು ಮರ್ಯಾದಸ್ಥರ ಮನೆಗೆ ತಕ್ಕದ್ದಲ್ಲ ಎಂಬುದು ಆ ಕಾಲದ ನಂಬಿಕೆ. ಇದರ ಬೇರು ಇಪ್ಪತ್ತನೆಯ ಶತಮಾನದ ಆರಂಭದ ಸಂಗೀತ ಲೋಕದಲ್ಲಿದೆ. ಆಗ ಸಭೆಯಲ್ಲಿ ಹಾಡುತ್ತಿದ್ದ, ಗ್ರಾಮಫೋನಿಗೆ ಕೊರಳು ಕೊಟ್ಟ ಹೆಂಗಸರು ಬಹುತೇಕ ಕಲಾವಂತ, ತವಾಯಫ್, ದೇವದಾಸಿ ಮನೆತನಗಳಿಂದ ಬಂದವರು. 1902ರಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಆ ಲೋಕದವರು. ಅಂಥ ಹಿನ್ನೆಲೆಯಿಂದ ಬಂದ ಧಾರವಾಡದ ಗಂಗೂಬಾಯಿ ಹಾನಗಲ್ ಹೊರಗೆ ಹಾಡಲು ಹೊರಟಾಗ ಎಷ್ಟು ಚುಚ್ಚುಮಾತು ಕೇಳಬೇಕಾಯಿತು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಕಲೆಯನ್ನು ಮೆಚ್ಚಿಕೊಂಡು ಕಲಾವಿದೆಯನ್ನು ದೂರ ಇಟ್ಟ ಸಮಾಜವದು. ತನ್ನ ಮಗಳು ಆ ದೂರದಲ್ಲಿ ನಿಲ್ಲುವುದನ್ನು ಗುಮಾಸ್ತನ ಮನೆ ಒಪ್ಪುವಂತಿರಲಿಲ್ಲ.

ಈ ಗಂಟನ್ನು ಸಡಿಲಿಸಿದ್ದು ಸುಧಾರಕರ ಭಾಷಣಗಳಿಗಿಂತ ಹೆಚ್ಚಾಗಿ ಎರಡು ಯಂತ್ರಗಳು. ಮೊದಲನೆಯದು ರೇಡಿಯೋ. ಮುಂಬಯಿಯಲ್ಲಿ ಪ್ರಸಾರ 1927ರಲ್ಲೇ ಶುರುವಾಗಿತ್ತು. 1946ರ ಮಧ್ಯಂತರ ಸರ್ಕಾರದಲ್ಲಿ ಪ್ರಸಾರ ಖಾತೆ ವಹಿಸಿಕೊಂಡಿದ್ದ ವಲ್ಲಭಭಾಯಿ ಪಟೇಲರ ಕಾಲದಲ್ಲಿ, ಖಾಸಗಿ ಬದುಕು ಅಪವಾದಕ್ಕೆ ಗುರಿಯಾದವರನ್ನು ಆಕಾಶವಾಣಿಯಿಂದ ದೂರ ಇಡುವ ನಿಯಮ ಬಂತು. ಅನೇಕ ಹಿರಿಯ ಗಾಯಕಿಯರ ಅನ್ನಕ್ಕೆ ಕಲ್ಲು ಹಾಕಿದ ಈ ನಿಯಮವನ್ನು ಇಂದು ಸಮರ್ಥಿಸುವವರು ಕಡಿಮೆ. ಅದರ ಇನ್ನೊಂದು ಪರಿಣಾಮವೆಂದರೆ, ಆಕಾಶವಾಣಿ ಕೇಂದ್ರ ಮನೆಮಕ್ಕಳು ಹೋಗಿಬರಬಹುದಾದ ಜಾಗವಾಯಿತು. 1952ರಲ್ಲಿ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಹೊರಗಿಟ್ಟು ಸುಗಮ ಸಂಗೀತಕ್ಕೆ ಇಂಬು ಕೊಟ್ಟಾಗ ಭಾವಗೀತೆ ಹಾಡಬಲ್ಲ ಹೊಸ ಕಂಠಗಳಿಗೆ ಅವಕಾಶ ಇನ್ನೂ ಹೆಚ್ಚಿತು. ಎರಡನೆಯ ಯಂತ್ರ ಸಿನಿಮಾದ್ದು. 1935ರಿಂದ ಹಿನ್ನೆಲೆ ಗಾಯನ ಬಳಕೆಗೆ ಬಂದ ಮೇಲೆ ತೆರೆಯ ಮೇಲೆ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರಾದರು. ಎರಡು ಕಡೆಯೂ ಕೇಳುಗ ಎದುರಿಗಿಲ್ಲ. ಧ್ವನಿ ಹೊರಗೆ ಹೋಗುತ್ತದೆ, ಮುಖ ಒಳಗೇ ಉಳಿಯುತ್ತದೆ. ಸಂಕೋಚದ ಸ್ವಭಾವದ ಹುಡುಗಿಗೂ ಕಟ್ಟುನಿಟ್ಟಿನ ಮನೆಗೂ ಇದಕ್ಕಿಂತ ಒಳ್ಳೆಯ ರಾಜಿ ಸಿಗುವುದು ಕಷ್ಟವಿತ್ತು.

ಸುಮನ್ ಓದಿದ್ದು ಗಾಮದೇವಿಯ ಸೇಂಟ್ ಕೊಲಂಬಾ ಶಾಲೆಯಲ್ಲಿ. ಆಮೇಲೆ ಚಿತ್ರಕಲೆ ಕಲಿಯಲು ಸರ್ ಜೆ.ಜೆ. ಕಲಾಶಾಲೆ ಸೇರಿದರು. ಗಾಯಕಿಯಾಗಬೇಕೆಂಬ ಗುರಿ ಆಗ ಇದ್ದಂತಿಲ್ಲ, ಹಾಡು ಹವ್ಯಾಸವಾಗಿತ್ತು. ಆ ಹವ್ಯಾಸಕ್ಕೆ ಸಿಕ್ಕ ಗುರುಗಳು ಮಾತ್ರ ದೊಡ್ಡವರು. ಮೊದಲು ಕಲಿಸಿದವರು ಕೇಶವರಾವ್ ಭೋಳೆ. ಪ್ರಭಾತ್ ಕಂಪನಿಯ ‘ಸಂತ ತುಕಾರಾಮ್’ (1936), ‘ಕುಂಕು’ (1937) ಚಿತ್ರಗಳಿಗೆ ಸಂಗೀತ ಕೊಟ್ಟ ಭೋಳೆ ಮಾತಿನ ಅರ್ಥ ಕೆಡದಂತೆ ಸ್ವರ ಕೂರಿಸುವುದರಲ್ಲಿ ಪಳಗಿದವರು. ಮುಂದೆ ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಮತ್ತು ಮಾಸ್ಟರ್ ನವರಂಗ್ ಬಳಿ ಶಾಸ್ತ್ರೀಯ ಪಾಠವಾಯಿತು. ಸುಮನ್ ಹಾಡುಗಳಲ್ಲಿ ಅಕ್ಷರಗಳು ಎಲ್ಲಿಯೂ ಒಡೆಯದೆ, ಒತ್ತದೆ ಕೇಳಿಸುವುದರ ಹಿಂದೆ ಈ ತಾಲೀಮಿನ ಪಾಲು ದೊಡ್ಡದು.

ಮನೆಯವರೆಲ್ಲರಿಗೂ ಕಲೆಯಲ್ಲಿ ಒಲವಿತ್ತು, ಆದರೆ ಹೊರಗೆ ಹಾಡಲು ಕಟ್ಟುನಿಟ್ಟಾದ ಅಡ್ಡಿಯಿತ್ತು ಎಂದು ಸುಮನ್ ಹೇಳಿದ್ದಾರೆ. 1952ರಲ್ಲಿ ಆಕಾಶವಾಣಿಯಿಂದ ಕರೆ ಬಂದಾಗ ಒಲ್ಲೆ ಎನ್ನಲಾಗಲಿಲ್ಲ. ಮರುವರ್ಷವೇ ‘ಶುಕ್ರಾಚಿ ಚಾಂದಣಿ’ ಎಂಬ ಮರಾಠಿ ಚಿತ್ರಕ್ಕೆ ಹಾಡಿದರು. ಆ ಹಾಡುಗಳನ್ನು ಕೇಳಿದ ನಟ, ನಿರ್ಮಾಪಕ ಶೇಖ್ ಮುಖ್ತಾರ್ ತಮ್ಮ ‘ಮಂಗು’ ಚಿತ್ರಕ್ಕೆ ಕರೆಸಿದರು. ಸಂಗೀತ ನಿರ್ದೇಶಕ ಮೊಹಮ್ಮದ್ ಶಫಿ ಮೂರು ಹಾಡು ಹಾಡಿಸಿದರು. ನಡುವೆ ಶಫಿ ಹೋಗಿ ಓ.ಪಿ. ನಯ್ಯರ್ ಬಂದರು, ಮೂರರಲ್ಲಿ ಒಂದು ಲಾಲಿ ಮಾತ್ರ ಉಳಿಯಿತು. 1954ರಲ್ಲಿ ಇಸ್ಮತ್ ಚುಗ್ತಾಯಿ ನಿರ್ಮಿಸಿ, ಶಾಹಿದ್ ಲತೀಫ್ ನಿರ್ದೇಶಿಸಿದ ‘ದರ್ವಾಜಾ’ ಚಿತ್ರದಲ್ಲಿ ಸಂಗೀತ ನಿರ್ದೇಶಕ ನಾಶಾದ್ ಐದು ಹಾಡುಗಳನ್ನು ಕೊಟ್ಟರು. ಒಂದು ಸಂಗೀತ ಕಾರ್ಯಕ್ರಮದಲ್ಲಿ ಇವರ ಹಾಡು ಕೇಳಿ ಮೆಚ್ಚಿದ್ದ ತಲತ್ ಮಹಮೂದ್ ಎಚ್‌ಎಂವಿ ಕಂಪನಿಗೆ ಶಿಫಾರಸು ಮಾಡಿದ್ದರು. ಕಲಾಶಾಲೆಯ ಹುಡುಗಿಯೊಬ್ಬಳು ಹದಿನೇಳರ ಹೊತ್ತಿಗೆ ತಲತ್ ಜೊತೆ ಯುಗಳಗೀತೆ ಹಾಡಿದಳೆಂಬುದು ಚಿತ್ರರಂಗದಲ್ಲಿ ಗಮನಕ್ಕೆ ಬರುವ ಸಂಗತಿಯೇ ಆಗಿತ್ತು.

1958ರಲ್ಲಿ ಮುಂಬಯಿಯ ವ್ಯಾಪಾರಿ ರಾಮಾನಂದ ಕಲ್ಯಾಣಪುರ ಅವರೊಂದಿಗೆ ಮದುವೆಯಾಯಿತು. ಹೆಸರಿನೊಳಗಿನ ಊರು ಹೆಮ್ಮಾಡಿಯಿಂದ ತೆಂಕಣಕ್ಕೆ, ಉಡುಪಿ ಬಳಿಯ ಕಲ್ಯಾಣಪುರಕ್ಕೆ ಸರಿಯಿತು. ಮದುವೆಯೊಂದಿಗೆ ಹಾಡು ನಿಂತುಹೋಗುವುದು ಆ ತಲೆಮಾರಿನಲ್ಲಿ ಮಾಮೂಲು. ಇಲ್ಲಿ ಹಾಗಾಗಲಿಲ್ಲ, ಇವರ ಹೆಚ್ಚು ಹೆಸರಾದ ಹಾಡುಗಳೆಲ್ಲ ಮದುವೆಯ ನಂತರದವು. ರಾಮಾನಂದರು ಪ್ರತಿಯೊಂದು ಧ್ವನಿಮುದ್ರಣಕ್ಕೂ ಜೊತೆಗೆ ಹೋಗುತ್ತಿದ್ದರು. ಇದನ್ನು ಪತಿಯ ಒತ್ತಾಸೆ ಎಂದೂ ಓದಬಹುದು, ಹಳೆಯ ಕಟ್ಟುಪಾಡು ಸ್ಟುಡಿಯೋದ ಬಾಗಿಲವರೆಗೂ ಹಿಂಬಾಲಿಸಿತೆಂದೂ ಓದಬಹುದು. ಎರಡೂ ಒಂದೇ ಕಾಲಕ್ಕೆ ನಿಜವಾಗಿರಲು ಅಡ್ಡಿಯೇನಿಲ್ಲ. ದಂಪತಿಗೆ ಒಬ್ಬಳೇ ಮಗಳು. ಚಿತ್ರರಂಗದ ಪಾರ್ಟಿ, ಪತ್ರಿಕೆಗಳ ಸಂದರ್ಶನ, ಅವಕಾಶಕ್ಕಾಗಿ ಸಂಗೀತ ನಿರ್ದೇಶಕರ ಮನೆ ಸುತ್ತುವುದು ಇವೆಲ್ಲದರಿಂದ ಸುಮನ್ ದೂರವೇ ಉಳಿದರು.

ವೃತ್ತಿಯ ಏರುಕಾಲ 1960ರ ದಶಕ. ಹಾಡುಗಳ ಮೇಲಿನ ಗೌರವಧನದಲ್ಲಿ ಗಾಯಕರಿಗೂ ಪಾಲು ಬೇಕೆಂದು ಲತಾ ಮಂಗೇಶ್ಕರ್ ಪಟ್ಟು ಹಿಡಿದರು; ಹಾಡಿ ಹಣ ಪಡೆದ ಮೇಲೆ ಲೆಕ್ಕ ಮುಗಿಯಿತು ಎಂಬುದು ಮೊಹಮ್ಮದ್ ರಫಿಯವರ ನಿಲುವು. ಮಾತು ಮುರಿದು ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲಿಲ್ಲ. ಆ ತೆರವು ಸುಮನ್ ಪಾಲಿಗೆ ಬಂತು. ರಫಿಯವರೊಂದಿಗೆ ಇವರು ಹಾಡಿದ ಯುಗಳಗೀತೆಗಳು 140ಕ್ಕೂ ಹೆಚ್ಚು. ‘ರಾಜ್‌ಕುಮಾರ್’ (1964), ‘ಜಬ್ ಜಬ್ ಫೂಲ್ ಖಿಲೇ’ (1965), ‘ಬ್ರಹ್ಮಚಾರಿ’ (1968) ಚಿತ್ರಗಳ ಜನಪ್ರಿಯ ಯುಗಳಗೀತೆಗಳು ಆ ಸಾಲಿನವು. ತೆರವು ತುಂಬಿದ್ದರಿಂದಲೇ ಇವರು ಬೆಳೆದರೆನ್ನುವುದು ಅರ್ಧ ಮಾತು. ‘ಬಾತ್ ಏಕ್ ರಾತ್ ಕೀ’ (1962) ಚಿತ್ರಕ್ಕೆ ಎಸ್.ಡಿ. ಬರ್ಮನ್, ‘ಶಗೂನ್’ (1964) ಚಿತ್ರಕ್ಕೆ ಖಯ್ಯಾಮ್ ಇವರಿಂದ ಹಾಡಿಸಿದ ಗೀತೆಗಳನ್ನು ಕೇಳಿದರೆ, ದನಿಯನ್ನು ಎತ್ತರಿಸದೆಯೇ ನೋವು ಹೇಳುವ ಬಗೆ ಇವರದೇ ಎಂದು ತಿಳಿಯುತ್ತದೆ. ಕನ್ನಡ, ಗುಜರಾತಿ, ಬಂಗಾಳಿ, ಒಡಿಯಾ, ಅಸ್ಸಾಮಿ ಸೇರಿ ಹಲವು ಭಾಷೆಗಳಲ್ಲೂ ಹಾಡಿದ್ದಾರೆ.

ದನಿ ಲತಾ ಅವರ ದನಿಯನ್ನು ಹೋಲುತ್ತಿತ್ತು. ಕಾಲೇಜಿನ ದಿನಗಳಲ್ಲಿ ಲತಾ ಹಾಡುಗಳನ್ನೇ ಹಾಡಿಕೊಂಡು ಬೆಳೆದವರಿಗೆ ಅದು ಸಹಜ. ಇಬ್ಬರೂ 1959ರ ‘ಚಾಂದ್’ ಚಿತ್ರಕ್ಕೆ ಹೇಮಂತ್ ಕುಮಾರ್ ಸಂಗೀತದಲ್ಲಿ ಒಟ್ಟಿಗೆ ಹಾಡಿದ್ದಾರೆ. ಆ ಹಾಡಿನಲ್ಲಿ ಯಾವ ಸಾಲು ಯಾರದೆಂದು ಬಿಡಿಸುವುದು ಕಿವಿಗೆ ಒಳ್ಳೆಯ ಪರೀಕ್ಷೆ. ಹೋಲಿಕೆಯ ಜೊತೆಗೆ ಪ್ರಸಾರದ ರೂಢಿಯೂ ಸೇರಿಕೊಂಡಿತು. ರೇಡಿಯೋ ಸಿಲೋನ್ ಎಷ್ಟೋ ಸಲ ಗಾಯಕರ ಹೆಸರು ಹೇಳುತ್ತಿರಲಿಲ್ಲ. ಕೆಲವು ಧ್ವನಿಮುದ್ರಿಕೆಗಳ ಮೇಲೂ ತಪ್ಪು ಹೆಸರು ಅಚ್ಚಾಯಿತು. ಹಾಡು ಕೇಳಿದವರು ಅದನ್ನು ಲತಾ ಖಾತೆಗೆ ಬರೆದುಕೊಂಡರು. ಮುಖ ಮರೆಯಲ್ಲಿರಲಿ ಎಂದು ಬಯಸಿದ ವ್ಯವಸ್ಥೆ ಕೊನೆಗೆ ಹೆಸರನ್ನೂ ಮರೆಗೆ ಸರಿಸಿತು. ಎದ್ದು ನಿಂತು ಇದು ನನ್ನ ಹಾಡು ಎಂದು ಹೇಳಲು ಬೇಕಾದ ಗಟ್ಟಿತನವನ್ನು ಆ ಮನೆ ಕಲಿಸಿರಲಿಲ್ಲ. ಚಿತ್ರರಂಗವೂ ಸುಮ್ಮನಿದ್ದವರನ್ನು ಹುಡುಕಿಕೊಂಡು ಹೋಗುವ ಜಾಗವಲ್ಲ.

ಮರಾಠಿಯಲ್ಲಿ ಮಾತ್ರ ಇಂಥ ಗೊಂದಲ ಕಡಿಮೆ. ವಸಂತ ಪ್ರಭು, ದಶರಥ ಪೂಜಾರಿ, ಅಶೋಕ್ ಪತ್ಕಿ ಮೊದಲಾದವರ ಸಂಗೀತದಲ್ಲಿ ಹಾಡಿದ ಭಾವಗೀತೆ, ಅಭಂಗಗಳು ಸುಮನ್ ಹೆಸರಿನಲ್ಲೇ ಮನೆಮನೆಗೆ ಹೋದವು. ಗಾಯಕ ಪಿ. ಕಾಳಿಂಗರಾಯರು ಜನರ ಬಾಯಿಗೆ ತಲುಪಿಸಿದ ಕನ್ನಡ ಕವಿತೆಗಳಿಗೆ ಇದ್ದಂತೆಯೇ ಮರಾಠಿ ಭಾವಗೀತೆಗೆ ಓದುವ ಮಧ್ಯಮ ವರ್ಗದ ದೊಡ್ಡ ಕೇಳುಗ ಬಳಗವಿತ್ತು.    ಮುಂಬಯಿ ನಗರದೊಳಗೆ ಮನೆ ಎಟುಕದಾದ ಕರಾವಳಿಯ ಕನ್ನಡ, ತುಳು, ಕೊಂಕಣಿ ಕುಟುಂಬಗಳ ಮುಂದಿನ ತಲೆಮಾರು ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳಿಗೆ ಚದುರಿತು. ಗಣೇಶೋತ್ಸವ ಬಂತೆಂದರೆ ಈ ಪಟ್ಟಿಯುದ್ದಕ್ಕೂ ಧ್ವನಿವರ್ಧಕಗಳಲ್ಲಿ ಕೇಳಿಬರುವ ಗಣೇಶ ಸ್ತುತಿಗಳಲ್ಲಿ ದಶರಥ ಪೂಜಾರಿ ಸಂಗೀತದ, ಸುಮನ್ ದನಿಯ ತುಕಾರಾಮ ಅಭಂಗವೂ ಒಂದು. ಹಾಡುವವರು ಕುಂದಾಪುರ ಮೂಲದವರೆಂದು ಅಲ್ಲಿನ ಕರಾವಳಿಗರೆಲ್ಲರಿಗೂ ಗೊತ್ತಿರಲಾರದು.

1970ರ ದಶಕದಲ್ಲಿ ಚಿತ್ರಗೀತೆಯ ಲಯ ಬದಲಾಯಿತು, ಅವಕಾಶಗಳು ಕಡಿಮೆಯಾದವು. ‘ರೇಶಮ್ ಕೀ ಡೋರೀ’ (1974) ಚಿತ್ರದ ರಕ್ಷಾಬಂಧನದ ಹಾಡು ಆ ಅವಧಿಯಲ್ಲಿ ಬಹಳ ಹೆಸರು ಮಾಡಿತು. 1977ರ ‘ಬಾಳಾ ಗಾವೂ ಕಶೀ ಅಂಗಾಯಿ’ ಎಂಬ ಮರಾಠಿ ಚಿತ್ರಕ್ಕಾಗಿ ಎನ್. ದತ್ತಾ ಸಂಗೀತದಲ್ಲಿ ಹಾಡಿದ ಲಾಲಿ ಮಹಾರಾಷ್ಟ್ರದ ತೊಟ್ಟಿಲುಗಳ ಬಳಿ ಇವತ್ತಿಗೂ ಕೇಳುತ್ತದೆ. 1981ರ ‘ನಸೀಬ್’ ಚಿತ್ರದ ಬಳಿಕ ಹಿಂದಿ ಚಿತ್ರಗೀತೆಯಲ್ಲಿ ಇವರ ದನಿ ಹೆಚ್ಚುಕಡಿಮೆ ನಿಂತಿತು. ವಿದಾಯದ ಕಾರ್ಯಕ್ರಮವಾಗಲಿ, ದೂರಿನ ಹೇಳಿಕೆಯಾಗಲಿ ಇರಲಿಲ್ಲ; ಮನೆ, ಮಗಳು, ಅಪರೂಪಕ್ಕೊಂದು ಸಾರ್ವಜನಿಕ ಸಮಾರಂಭ ಇಷ್ಟರಲ್ಲೇ ದಿನ ಕಳೆಯಿತು. ಶಾಸ್ತ್ರೀಯ ರಾಗಾಧಾರಿತ ಚಿತ್ರಗೀತೆಗಳಿಗಾಗಿ ಸುರ್ ಸಿಂಗಾರ್ ಸಂಸದ್‌ನ ಮಿಯಾ ತಾನ್‌ಸೇನ್ ಪ್ರಶಸ್ತಿ ಹಿಂದೆಯೇ ಬಂದಿತ್ತು. ನಂತರ ಲತಾ ಮಂಗೇಶ್ಕರ್ ಹೆಸರಿನ ಸರ್ಕಾರಿ ಪ್ರಶಸ್ತಿಯೂ ಬಂತು. ಭಾರತ ಸರ್ಕಾರ ಪದ್ಮಭೂಷಣ ಕೊಟ್ಟದ್ದು 2023ರಲ್ಲಿ, ‘ನಸೀಬ್’ ತೆರೆಕಂಡು 42 ವರ್ಷಗಳಾದ ಮೇಲೆ.